ಬುದ್ಧಿ ಹಲ್ಲು ಕೀಳಿಸಿಕೊಂಡ ಮೇಲಿನ ಒಂದು ವಾರ

ಎಲ್ಲರಿಗೂ ನಮಸ್ಕಾರ. ಬುದ್ಧಿ ಹಲ್ಲು ಕೀಳಿಸಿಕೊಂಡವರು ಕುರ್ಚಿಯಿಂದ ಏಳುವ ಮುಂಚೆಯೇ, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಇನ್ನು ಏನು ತಿನ್ನಬಹುದು?" ಒಳ್ಳೆಯ ಪ್ರಶ್ನೆಯೇ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಹಲ್ಲು ಹೋದ ಜಾಗದಲ್ಲಿ ಈಗ ಏನಿದೆ? ಅದು ಗೊತ್ತಾದರೆ ಏನು ತಿನ್ನಬೇಕು, ಏನು ಬಿಡಬೇಕು, ಯಾಕೆ ಉಗುಳಬಾರದು, ಯಾಕೆ ಬಿಸಿ ಕಾಫಿ ಬೇಡ ಅನ್ನುವುದೆಲ್ಲ ನಿಮಗೇ ಹೊಳೆಯುತ್ತದೆ. ನಾವು ಕೊಟ್ಟ ಸೂಚನೆಯ ಚೀಟಿ ಕಳೆದುಹೋದರೂ ತೊಂದರೆಯಿಲ್ಲ.

ಬುದ್ಧಿ ಹಲ್ಲು ಸಾಮಾನ್ಯವಾಗಿ 17ರಿಂದ 25 ವರ್ಷದೊಳಗೆ ಬರುತ್ತದೆ, ದವಡೆಯ ತೀರಾ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಅಲ್ಲಿ ಜಾಗ ಮುಗಿದಿರುತ್ತದೆ. ಹಾಗಾಗಿ ಕೆಲವರಿಗೆ ಅದು ಓರೆಯಾಗಿ ಬರುತ್ತದೆ, ಕೆಲವರಿಗೆ ಪೂರ್ತಿ ಅಡ್ಡ ಮಲಗಿಕೊಂಡು ಮೂಳೆಯೊಳಗೇ ಸಿಕ್ಕಿಕೊಂಡಿರುತ್ತದೆ. ಅಂಥ ಹಲ್ಲನ್ನು ತೆಗೆಯಲು ವಸಡು ಕೊಯ್ದು, ಸುತ್ತಲಿನ ಮೂಳೆಯನ್ನು ಸ್ವಲ್ಪ ಕೊರೆದು, ಹಲ್ಲನ್ನೇ ಎರಡು ಮೂರು ತುಂಡು ಮಾಡಬೇಕಾಗಬಹುದು. ಅಂದರೆ ಇದೊಂದು ಆಪರೇಷನ್ನೇ. ನೆಟ್ಟಗೆ ಬಂದಿದ್ದ ಹಲ್ಲನ್ನು ಕೀಳಿಸಿಕೊಂಡ ನಿಮ್ಮ ಗೆಳೆಯರು ಮಾರನೆಯ ದಿನವೇ ಕೆಲಸಕ್ಕೆ ಹೋಗಿರಬಹುದು. ಅವರ ಜೊತೆ ನಿಮ್ಮನ್ನು ಹೋಲಿಸಿಕೊಂಡು ಗಾಬರಿಯಾಗಬೇಡಿ. ಎರಡೂ ಬೇರೆ ಬೇರೆ ಗಾಯ.

ಈಗ ಕುಳಿಯ ವಿಷಯಕ್ಕೆ ಬರೋಣ. ಹಲ್ಲು ಹೊರಗೆ ಬಂದ ಕೂಡಲೇ ಆ ಕುಳಿಯಲ್ಲಿ ರಕ್ತ ತುಂಬಿಕೊಳ್ಳುತ್ತದೆ, ಅಲ್ಲೇ ಹೆಪ್ಪುಗಟ್ಟುತ್ತದೆ. ಮಂಡಿ ತರಚಿದಾಗ ಮೇಲೆ ಹಕ್ಕಳೆ ಕಟ್ಟುತ್ತದಲ್ವಾ, ಇದೂ ಹಾಗೇ. ಒಂದೇ ವ್ಯತ್ಯಾಸ, ಬಾಯಿ ಸದಾ ಒದ್ದೆ ಇರುವುದರಿಂದ ಇದು ಒಣಗಿ ಗಟ್ಟಿಯಾಗುವುದಿಲ್ಲ. ಮೆತ್ತಗೇ ಉಳಿಯುತ್ತದೆ, ಸ್ವಲ್ಪ ಎಳೆತಕ್ಕೂ ಕಿತ್ತುಬರುತ್ತದೆ. ಅದರ ಕೆಳಗಿರುವುದು ಬರೀ ಮೂಳೆ ಮತ್ತು ನರದ ತುದಿಗಳು. ಮುಂದೆ ಹೊಸ ಮಾಂಸ ಬೆಳೆಯುವುದು, ಆಮೇಲೆ ಮೂಳೆ ತುಂಬುವುದು, ಎಲ್ಲವೂ ಶುರುವಾಗುವುದು ಆ ಹೆಪ್ಪಿನೊಳಗಿಂದಲೇ. ನಾನು ಇವತ್ತು ಹೇಳುವ ಪ್ರತಿಯೊಂದು ಮಾತೂ ಆ ಹೆಪ್ಪನ್ನು ಉಳಿಸಿಕೊಳ್ಳುವುದಕ್ಕೇ.

ಮೊದಲ ಕೆಲಸ ಹತ್ತಿ ಕಚ್ಚುವುದು. ಗಾಜ್ ಬಟ್ಟೆಯ ಉಂಡೆಯನ್ನು ನಾವು ಕುಳಿಯ ಮೇಲಿಟ್ಟು ಕಚ್ಚಿಕೊಳ್ಳಿ ಅನ್ನುತ್ತೇವೆ. ಅದು ರಕ್ತ ಹೀರಲಿ ಅಂತ ಇಟ್ಟದ್ದಲ್ಲ, ಒತ್ತಡ ಬೀಳಲಿ ಅಂತ ಇಟ್ಟದ್ದು. ಒತ್ತಡದಿಂದಲೇ ರಕ್ತ ನಿಲ್ಲುತ್ತದೆ. 30ರಿಂದ 45 ನಿಮಿಷ ಬಿಡದೆ ಕಚ್ಚಿ. ನಡುವೆ ತೆಗೆದು ತೆಗೆದು ನೋಡಬೇಡಿ, ಪ್ರತಿ ಸಲ ತೆಗೆದಾಗಲೂ ಆಗಷ್ಟೇ ಕಟ್ಟುತ್ತಿದ್ದ ಹೆಪ್ಪು ಅದರ ಜೊತೆಗೇ ಬರುತ್ತದೆ. ಮೊದಲ 24 ಗಂಟೆ ಎಂಜಲು ಕೆಂಪಾಗಿ ಬರುವುದು ಸಹಜ. ಒಂದು ತೊಟ್ಟು ರಕ್ತ ಎಂಜಲಿನಲ್ಲಿ ಬೆರೆತರೆ ಬಾಯಿ ತುಂಬ ರಕ್ತ ಬಂದ ಹಾಗೆ ಕಾಣುತ್ತದೆ, ಮನೆಯವರೆಲ್ಲ ಹೆದರುತ್ತಾರೆ. ನಿಜವಾಗಿಯೂ ಸುರಿಯುತ್ತಿದ್ದರೆ ನೆಟ್ಟಗೆ ಕುಳಿತು, ಹೊಸ ಗಾಜ್ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ, ಮಡಚಿ, ಸರಿಯಾಗಿ ಕುಳಿಯ ಮೇಲೇ ಇಟ್ಟು ಮತ್ತೆ ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿ. ಗಾಜ್ ಇಲ್ಲದಿದ್ದರೆ ಒದ್ದೆ ಮಾಡಿದ ಟೀ ಬ್ಯಾಗ್ ಕೂಡ ಆಗುತ್ತದೆ, ಚಹಾದಲ್ಲಿರುವ ಟ್ಯಾನಿನ್ ರಕ್ತ ನಿಲ್ಲಲು ನೆರವಾಗುತ್ತದೆ. ಇಷ್ಟು ಮಾಡಿದರೂ ನಿಲ್ಲದಿದ್ದರೆ ಫೋನ್ ಮಾಡಿ, ಕಾಯಬೇಡಿ.

ಇನ್ನು ಊಟ. ಮರಗಟ್ಟಿಸುವ ಇಂಜೆಕ್ಷನ್‌ನ ಪರಿಣಾಮ ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ಇರುತ್ತದೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಅದು ಇಳಿಯುವ ತನಕ ಏನನ್ನೂ ಅಗಿಯಬೇಡಿ. ತುಟಿ, ಕೆನ್ನೆ, ನಾಲಿಗೆ ಕಚ್ಚಿಕೊಂಡರೂ ಆಗ ಗೊತ್ತಾಗುವುದಿಲ್ಲ. ಬಿಸಿ ತಾಗಿದರೂ ಗೊತ್ತಾಗುವುದಿಲ್ಲ. ಚಿಕ್ಕ ವಯಸ್ಸಿನವರು ಆ ಮರಗಟ್ಟಿದ ತುಟಿಯನ್ನು ಸುಮ್ನೆ ಕಚ್ಚಿ ಕಚ್ಚಿ ನೋಡುತ್ತಾರೆ, ಸಂಜೆಗೆ ಹಲ್ಲಿನ ಗಾಯಕ್ಕಿಂತ ತುಟಿಯ ಗಾಯವೇ ದೊಡ್ಡದಾಗಿರುತ್ತದೆ. ನೀರು ಕುಡಿಯಬಹುದು, ತಣ್ಣಗಿನದು, ಲೋಟದಿಂದ ಸಣ್ಣ ಸಣ್ಣ ಗುಟುಕು.

ಮೊದಲ ದಿನದ ಊಟಕ್ಕೆ ಎರಡು ಗುಣ ಬೇಕು. ತಣ್ಣಗಿರಬೇಕು ಅಥವಾ ಬೆಚ್ಚಗೆ ಮಾತ್ರ ಇರಬೇಕು. ಮತ್ತು ಅಗಿಯದೆ ನುಂಗುವಂತಿರಬೇಕು. ಮೊಸರು, ಆರಿದ ಸೂಪ್, ತೆಳ್ಳಗಿನ ಗಂಜಿ, ಹಾಲು, ಕಿವುಚಿದ ಬಾಳೆಹಣ್ಣು, ಬೀಜವಿಲ್ಲದ ಹಣ್ಣಿನ ಸ್ಮೂದಿ, ಒಣಹಣ್ಣು ಬೀಜಗಳಿಲ್ಲದ ಐಸ್‌ಕ್ರೀಮ್, ಇಷ್ಟರಲ್ಲಿ ನಿಮಗೆ ಇಷ್ಟವಾದದ್ದು. ಬಿಸಿ ಯಾಕೆ ಬೇಡ ಅಂದರೆ ಬಿಸಿ ತಾಗಿದಾಗ ರಕ್ತನಾಳಗಳು ಹಿಗ್ಗುತ್ತವೆ, ನಿಂತ ರಕ್ತ ಮತ್ತೆ ಶುರುವಾಗುತ್ತದೆ. ಕಾಫಿ, ಚಹಾ ಬಿಟ್ಟಿರಲಾರೆ ಅನ್ನುವವರು ಪೂರ್ತಿ ಆರಿಸಿ ಕುಡಿಯಿರಿ.

ಇಲ್ಲೊಂದು ವಿಷಯ ಒತ್ತಿ ಹೇಳಬೇಕು, ಏಕೆಂದರೆ ತುಂಬ ಜನ ಎಡವುವುದು ಇಲ್ಲೇ. ಏನು ತಿನ್ನುತ್ತೀರಿ ಅನ್ನುವುದಕ್ಕಿಂತ ಅದನ್ನು ಹೇಗೆ ಬಾಯಿಗೆ ತೆಗೆದುಕೊಳ್ಳುತ್ತೀರಿ ಅನ್ನುವುದು ಹೆಚ್ಚು ಮುಖ್ಯ. ಸ್ಮೂದಿ ಒಳ್ಳೆಯದು, ಆದರೆ ಅದನ್ನು ಸ್ಟ್ರಾ ಹಾಕಿ ಹೀರಿದರೆ ಬಾಯೊಳಗೆ ಎಳೆತ ಉಂಟಾಗುತ್ತದೆ. ಆ ಎಳೆತ ಹೆಪ್ಪನ್ನು ಕುಳಿಯಿಂದ ಮೇಲಕ್ಕೆ ಜಗ್ಗುತ್ತದೆ. ಜೋರಾಗಿ ಉಗುಳುವುದೂ ಅದೇ, ಬಾಯಿ ಮುಕ್ಕಳಿಸಿ ತುಪ್ಪುವುದೂ ಅದೇ, ಸಿಗರೇಟು ಎಳೆಯುವುದೂ ಅದೇ. ಆದ್ದರಿಂದ ಚಮಚದಲ್ಲಿ ತಿನ್ನಿ, ಲೋಟ ಎತ್ತಿ ಕುಡಿಯಿರಿ. ಬಾಯಲ್ಲಿ ಎಂಜಲು ತುಂಬಿದರೆ ನುಂಗಿ, ಅಥವಾ ತಲೆ ಬಗ್ಗಿಸಿ ಬಾಯಿ ತೆರೆದು ಅದಾಗಿಯೇ ಹರಿದುಹೋಗಲು ಬಿಡಿ. ಸ್ಟ್ರಾ ಒಂದು ವಾರ ಬೇಡವೇ ಬೇಡ.

ಎರಡನೇ, ಮೂರನೇ ದಿನಕ್ಕೆ ಸ್ವಲ್ಪ ಮುಂದಕ್ಕೆ ಹೋಗಬಹುದು. ಮೆತ್ತಗೆ ಬೇಯಿಸಿ ಕಿವುಚಿದ ಆಲೂಗಡ್ಡೆ, ಕುಂಬಳಕಾಯಿ, ಕ್ಯಾರೆಟ್, ನುಣ್ಣಗೆ ಬೆಂದ ಬೇಳೆ, ಮೆದುವಾಗಿ ಕಲಕಿ ಬೇಯಿಸಿದ ಮೊಟ್ಟೆ. ಐದಾರು ದಿನಕ್ಕೆ ಮೆತ್ತಗೆ ಬೆಂದ ಅನ್ನ, ಪಾಸ್ತಾ, ಮುಳ್ಳು ತೆಗೆದ ಮೀನು, ಹಲ್ಲು ಕೀಳದ ಇನ್ನೊಂದು ಕಡೆಯಿಂದ ಅಗಿದು. ಅನ್ನವನ್ನು ಮೊದಲ ದಿನಗಳಲ್ಲಿ ಬಿಡಿಬಿಡಿಯಾಗಿ ತಿನ್ನಬೇಡಿ, ಒಂದೊಂದು ಅಗುಳೂ ನೇರ ಕುಳಿಗೆ ಹೋಗಿ ಕೂರುತ್ತದೆ. ಎಳ್ಳು, ಸಾಸಿವೆ, ಗಸಗಸೆ, ಸ್ಟ್ರಾಬೆರಿಯಲ್ಲಿರುವ ಸಣ್ಣ ಬೀಜ, ಪಾಪ್‌ಕಾರ್ನ್‌ನ ಸಿಪ್ಪೆ, ಇವು ಇನ್ನೂ ಕಷ್ಟ, ಹೋದರೆ ಸುಲಭವಾಗಿ ಹೊರಗೆ ಬರುವುದಿಲ್ಲ. ಚಿಪ್ಸ್, ಗರಿಗರಿ ಬ್ರೆಡ್ಡು, ಕಡಲೆಬೀಜದಂಥ ಗಟ್ಟಿ ಪದಾರ್ಥ ಹೆಪ್ಪನ್ನು ಚುಚ್ಚುತ್ತವೆ. ಖಾರ ಮತ್ತು ಹುಳಿ ಹೆಪ್ಪಿಗೆ ಏನೂ ಮಾಡದಿದ್ದರೂ ಸುತ್ತಲಿನ ವಸಡು ಉರಿಯುತ್ತದೆ. ಒಂದು ವಾರ ಇವನ್ನೆಲ್ಲ ಮರೆತುಬಿಡಿ.

ಉಪವಾಸ ಮಾತ್ರ ಮಾಡಬೇಡಿ. ನೋವಿಗೆ ಹೆದರಿ ಎರಡು ದಿನ ನೀರಲ್ಲೇ ಕಳೆಯುವವರಿದ್ದಾರೆ. ಬರೀ ಐಸ್‌ಕ್ರೀಮಿನಲ್ಲೇ ವಾರ ಕಳೆಯುವವರೂ ಇದ್ದಾರೆ. ಗಾಯ ತುಂಬಲು ಪ್ರೋಟೀನ್ ಬೇಕು, ವಿಟಮಿನ್ ಸಿ ಬೇಕು. ಮೊಸರು, ಮೊಟ್ಟೆ, ಬೇಳೆ, ಹಾಲು, ಪನೀರು ಇವುಗಳಲ್ಲಿ ಪ್ರೋಟೀನ್ ಸಿಗುತ್ತದೆ. ಮಾವು, ಪಪ್ಪಾಯಿಯಂಥ ಮೆತ್ತಗಿನ, ಹುಳಿಯಿಲ್ಲದ ಹಣ್ಣಲ್ಲಿ ವಿಟಮಿನ್ ಸಿ ಸಿಗುತ್ತದೆ. ಸಾಕಷ್ಟು ನೀರು ಕುಡಿಯುತ್ತಿರಿ. ಮೂರು ಹೊತ್ತು ತಟ್ಟೆ ತುಂಬ ತಿನ್ನಲಾಗದಿದ್ದರೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಿ. ಬರಿ ಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗಿ ವಾಂತಿಯಾದರೆ ಇನ್ನೊಂದು ಕಷ್ಟ. ಸಕ್ಕರೆ ಕಾಯಿಲೆ ಇರುವವರಿಗಂತೂ ಇದು ತುಂಬ ಮುಖ್ಯ. ಊಟ ಕಮ್ಮಿ ಮಾಡಿ ಇನ್ಸುಲಿನ್ನನ್ನೋ ಮಾತ್ರೆಯನ್ನೋ ಮೊದಲಿನಷ್ಟೇ ತೆಗೆದುಕೊಂಡರೆ ಸಕ್ಕರೆ ಅಪಾಯವಾಗುವಷ್ಟು ಇಳಿಯಬಹುದು. ಹಲ್ಲು ಕೀಳುವ ಮುಂಚೆಯೇ ನಿಮ್ಮ ಡಾಕ್ಟರ ಜೊತೆ ಇದನ್ನು ಮಾತಾಡಿಕೊಳ್ಳಿ.

ಊತದ ಬಗ್ಗೆ ಗೊತ್ತಿರಬೇಕಾದ ಒಂದೇ ಮಾತು: ಅದು ಮೊದಲ ದಿನಕ್ಕಿಂತ ಎರಡನೇ, ಮೂರನೇ ದಿನ ಜಾಸ್ತಿ ಇರುತ್ತದೆ. 48ರಿಂದ 72 ಗಂಟೆಗೆ ಅತಿ ಹೆಚ್ಚು, ಆಮೇಲೆ ಇಳಿಯಲು ಶುರು. ಇದು ಗೊತ್ತಿಲ್ಲದವರು ಮೂರನೇ ದಿನ ಕನ್ನಡಿ ನೋಡಿ ಏನೋ ಕೆಟ್ಟುಹೋಗಿದೆ ಅಂದುಕೊಳ್ಳುತ್ತಾರೆ. ಮೊದಲ ಒಂದೆರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಕೆನ್ನೆಯ ಮೇಲೆ 15ರಿಂದ 20 ನಿಮಿಷ ಇಡಿ, ಅಷ್ಟೇ ಹೊತ್ತು ಬಿಡಿ, ಮತ್ತೆ ಇಡಿ. ಐಸನ್ನು ನೇರ ಚರ್ಮಕ್ಕೆ ಒತ್ತಬೇಡಿ. ಎರಡು ದಿನ ಕಳೆದ ಮೇಲೆ ಐಸಿನಿಂದ ಹೆಚ್ಚು ಪ್ರಯೋಜನವಿಲ್ಲ, ಬೆಚ್ಚಗಿನ ಒದ್ದೆ ಬಟ್ಟೆಯ ಶಾಖ ಹಿತವಾಗಿರುತ್ತದೆ. ಮಲಗುವಾಗ ಇನ್ನೊಂದು ದಿಂಬು ಹಾಕಿ ತಲೆ ಎತ್ತರದಲ್ಲಿಟ್ಟುಕೊಳ್ಳಿ. ಭಾರ ಎತ್ತುವುದು, ಓಡುವುದು, ಜಿಮ್ಮು ಮೂರ್ನಾಲ್ಕು ದಿನ ಬೇಡ. ಕೆನ್ನೆಯ ಮೇಲೆ ನೀಲಿಯೋ ಹಳದಿಯೋ ಕಲೆ ಮೂಡಿದರೆ ಅದು ಚರ್ಮದ ಕೆಳಗಿಳಿದ ರಕ್ತ, ತಾನಾಗಿ ಹೋಗುತ್ತದೆ. ಬಾಯಿ ಎರಡು ಬೆರಳಿನಷ್ಟೂ ತೆರೆಯಲು ಆಗದೆ ದವಡೆ ಬಿಗಿದುಕೊಳ್ಳುವುದೂ ಸಾಮಾನ್ಯ, ಒಂದೆರಡು ವಾರದಲ್ಲಿ ಸಡಿಲವಾಗುತ್ತದೆ. ಮೂರ್ನಾಲ್ಕು ದಿನದ ನಂತರ ನಿಧಾನವಾಗಿ ತೆರೆದು ಮುಚ್ಚಿ ಅಭ್ಯಾಸ ಮಾಡಿ, ಬಲವಂತ ಬೇಡ.

ಬಾಯಿ ಸ್ವಚ್ಛ ಮಾಡುವುದು ಹೇಗೆ? ಮೊದಲ 24 ಗಂಟೆ ಮುಕ್ಕಳಿಸಬೇಡಿ. ಅದಾದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಪ್ರತಿ ಊಟದ ನಂತರ ಮತ್ತು ಮಲಗುವ ಮುಂಚೆ ಬಾಯಿಗೆ ಹಾಕಿಕೊಳ್ಳಿ. ಗಳಗಳ ಮಾಡಬೇಡಿ. ಬಾಯಲ್ಲಿ ನೀರಿಟ್ಟುಕೊಂಡು ತಲೆಯನ್ನು ಆ ಕಡೆ ಈ ಕಡೆ ಓಲಿಸಿ, ಬಗ್ಗಿ, ಬೀಳಲು ಬಿಡಿ, ಅಷ್ಟೇ. ಉಳಿದ ಹಲ್ಲುಗಳನ್ನು ಅವತ್ತು ರಾತ್ರಿಯಿಂದಲೇ ಮೆತ್ತಗಿನ ಬ್ರಷ್‌ನಿಂದ ಉಜ್ಜಬಹುದು, ಕುಳಿಯ ಹತ್ತಿರ ಮಾತ್ರ ಹೋಗಬೇಡಿ. ಹೆಪ್ಪಿಗೆ ಪೆಟ್ಟಾಗುತ್ತದೆ ಅಂತ ಹೆದರಿ ವಾರವಿಡೀ ಬ್ರಷ್ಷನ್ನೇ ಮುಟ್ಟದವರಿದ್ದಾರೆ. ಬಾಯಿ ಕೊಳಕಾದರೆ ಸೋಂಕು ಬೇಗ ಹತ್ತುತ್ತದೆ, ಹಾಗೆ ಮಾಡಬೇಡಿ.

ಎರಡು ಮೂರು ದಿನಕ್ಕೆ ಟಾರ್ಚ್ ಹಾಕಿ ನೋಡಿದರೆ ಕುಳಿಯ ಮೇಲೆ ಬಿಳಿಯ ಅಥವಾ ತಿಳಿ ಹಳದಿಯ ಪದರ ಕಾಣುತ್ತದೆ. ದಯವಿಟ್ಟು ಅದನ್ನು ಕೆರೆಯಬೇಡಿ. ಅದು ಕೀವಲ್ಲ, ಅನ್ನವೂ ಅಲ್ಲ. ಗಾಯ ವಾಸಿಯಾಗುವಾಗ ಕಟ್ಟುವ ಪದರ ಅದು. ಹಲ್ಲುಕಡ್ಡಿಯಿಂದ, ಉಗುರಿನಿಂದ, ಬಡ್ಸ್‌ನಿಂದ ಅದನ್ನು ತೆಗೆದು "ಕ್ಲೀನ್ ಮಾಡಿದೆ" ಅಂದವರ ಗಾಯವನ್ನು ಮತ್ತೆ ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಷ್ಟು ಎಚ್ಚರಿಕೆಯಿಂದ ಕಾಪಾಡಿಕೊಂಡದ್ದನ್ನು ಅವರ ಕೈಯಾರೆ ಕಿತ್ತಿರುತ್ತಾರೆ. ಕೀವಾದರೆ ಅದು ಒಸರುತ್ತದೆ, ಜೊತೆಗೆ ಊತ ಏರುತ್ತದೆ, ಜ್ವರವೂ ಬರಬಹುದು. ಸುಮ್ಮನೆ ಕೂತ ಬಿಳಿ ಪದರವನ್ನು ಅದರ ಪಾಡಿಗೆ ಬಿಡಿ.

ಹೆಪ್ಪು ಹೋದರೆ ಏನಾಗುತ್ತದೆ? ಅದಕ್ಕೆ ಡ್ರೈ ಸಾಕೆಟ್ ಅನ್ನುತ್ತೇವೆ. ಕ್ರಾಫರ್ಡ್ ಎಂಬ ದಂತವೈದ್ಯರು 1896ರಲ್ಲಿ ಇದನ್ನು ಮೊದಲು ವಿವರಿಸಿ ಬರೆದರು. ಎಲ್ಲ ಬಗೆಯ ಹಲ್ಲುಗಳನ್ನು ಸೇರಿಸಿ ನೋಡಿದರೆ, ಕೀಳಿಸಿಕೊಂಡ ನೂರು ಜನರಲ್ಲಿ 2ರಿಂದ 5 ಜನರಿಗೆ ಹೀಗಾಗುತ್ತದೆ. ಕೆಳದವಡೆಯ ಬುದ್ಧಿ ಹಲ್ಲಿನಲ್ಲಿ ಇದು ಅದಕ್ಕಿಂತ ಬಹಳ ಜಾಸ್ತಿ. ಗುರುತಿಸುವುದು ಕಷ್ಟವಲ್ಲ. ಮೊದಲ ಎರಡು ದಿನ ನೋವು ಇಳಿಯುತ್ತಾ ಬಂದಿರುತ್ತದೆ, ಇನ್ನೇನು ಸರಿಹೋಯ್ತು ಅನ್ನುವಾಗ ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ನೋವು ಒಮ್ಮೆಲೇ ಏರುತ್ತದೆ. ಕಿವಿಯವರೆಗೆ, ಕಣತಲೆಯವರೆಗೆ ಹರಿಯುವ, ಮಿಡಿಯುವ ನೋವು. ಬಾಯಿ ವಾಸನೆ ಬರುತ್ತದೆ, ಏನೋ ಕೆಟ್ಟ ರುಚಿ. ಮಾತ್ರೆ ನುಂಗಿದರೂ ಬಗ್ಗುವುದಿಲ್ಲ. ಕುಳಿಯೊಳಗೆ ನೋಡಿದರೆ ಹೆಪ್ಪಿನ ಬದಲು ಬೂದು ಬಣ್ಣದ ಮೂಳೆ ಕಾಣಬಹುದು. ನೋವಿನ ಹಾದಿ ಕೆಳಮುಖವಾಗಿರಬೇಕು, ತಿರುಗಿ ಮೇಲಕ್ಕೆ ಹೋದರೆ ಮನೆಯಲ್ಲಿ ಕೂರಬೇಡಿ. ನಾವು ಕುಳಿಯನ್ನು ತೊಳೆದು ಔಷಧ ಸವರಿದ ಪಟ್ಟಿ ಇಡುತ್ತೇವೆ, ಸಾಮಾನ್ಯವಾಗಿ ಬೇಗನೆ ಆರಾಮ ಸಿಗುತ್ತದೆ. ಪೂರ್ತಿ ವಾಸಿಗೆ ಒಂದು ವಾರದಿಂದ ಹತ್ತು ದಿನ. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಆ ನೋವನ್ನು ಸುಮ್ಮನೆ ಸಹಿಸಿಕೊಂಡು ಮನೆಯಲ್ಲಿರುವ ಅಗತ್ಯ ಯಾರಿಗೂ ಇಲ್ಲ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ, ಹಿಂದೆ ಒಮ್ಮೆ ಹೀಗಾದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಇದು ಆಗುವ ಸಂಭವ ಹೆಚ್ಚು. ಮೊದಲೇ ಹೇಳಿ, ನಾಚಿಕೆ ಬೇಡ.

ಮಾತ್ರೆಯ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಮರಗಟ್ಟಿದ್ದು ಪೂರ್ತಿ ಇಳಿಯುವ ಮುಂಚೆಯೇ ಮೊದಲ ಮಾತ್ರೆ ತೆಗೆದುಕೊಳ್ಳಿ. ನೋವು ಏರಿದ ಮೇಲೆ ಇಳಿಸುವುದಕ್ಕಿಂತ ಏರದ ಹಾಗೆ ನೋಡಿಕೊಳ್ಳುವುದು ಸುಲಭ. ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಜೊತೆಯಾಗಿ ಈ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2024ರಲ್ಲಿ ಅನುಮೋದಿಸಿದ ಮಾರ್ಗಸೂಚಿಯೂ ಅಫೀಮಿನ ಜಾತಿಯ ಬಲವಾದ ಔಷಧಗಳಿಗಿಂತ ಮೊದಲು ಇವನ್ನೇ ಕೊಡಲು ಹೇಳುತ್ತದೆ. ಆದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡದ ತೊಂದರೆ, ಕೆಲವು ಬಗೆಯ ಆಸ್ತಮಾ ಇರುವವರಿಗೆ, ಗರ್ಭಿಣಿಯರಿಗೆ ಐಬುಪ್ರೊಫೆನ್ ಆಗುವುದಿಲ್ಲ. ಪ್ಯಾರಾಸಿಟಮಾಲ್ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಬಾರದು, ತೂಕ ಕಮ್ಮಿ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಅದಕ್ಕಿಂತ ಕಮ್ಮಿ. ಶೀತದ ಮಾತ್ರೆಯಲ್ಲೂ ಅದೇ ಇರುತ್ತದೆ, ಲೆಕ್ಕ ತಪ್ಪಬೇಡಿ. ನೋವಿಗೆ ಅಂತ ಆಸ್ಪಿರಿನ್ ನುಂಗಬೇಡಿ, ರಕ್ತ ನಿಲ್ಲುವುದು ತಡವಾಗುತ್ತದೆ. ಹೃದಯದ ಡಾಕ್ಟರು ಕೊಟ್ಟ ಆಸ್ಪಿರಿನ್ ಬೇರೆ ಮಾತು, ಅದನ್ನು ನೀವಾಗಿ ನಿಲ್ಲಿಸಲೇಬೇಡಿ. ಆಂಟಿಬಯಾಟಿಕ್ ಎಲ್ಲರಿಗೂ ಬೇಕಿಲ್ಲ. ಕೊಟ್ಟಿದ್ದರೆ ಹೇಳಿದಷ್ಟು ದಿನ ತೆಗೆದುಕೊಳ್ಳಿ. ಅದು ಮೆಟ್ರೋನಿಡಜೋಲ್ ಆಗಿದ್ದರೆ ಮದ್ಯ ಮುಟ್ಟಬೇಡಿ.

ಯಾವಾಗ ತಕ್ಷಣ ಬರಬೇಕು? ಕಚ್ಚಿ ಹಿಡಿದರೂ ರಕ್ತ ನಿಲ್ಲದಿದ್ದರೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ. ಮೂರು ದಿನ ಕಳೆದ ಮೇಲೂ ಊತ ಏರುತ್ತಿದ್ದರೆ, ಕೀವು ಬರುತ್ತಿದ್ದರೆ. ಮಾರನೆಯ ದಿನವೂ ತುಟಿ, ಗದ್ದ ಅಥವಾ ನಾಲಿಗೆ ಮರಗಟ್ಟಿದ ಹಾಗೇ ಇದ್ದರೆ ತಿಳಿಸಿ. ಕೆಳದವಡೆಯ ನರಗಳು ಈ ಹಲ್ಲಿನ ಬೇರಿಗೆ ತೀರಾ ಹತ್ತಿರ ಹೋಗುತ್ತವೆ, ಬಹುಪಾಲು ಜನರಿಗೆ ಅದು ತಾನಾಗಿ ಸರಿಹೋದರೂ ಡಾಕ್ಟರಿಗೆ ಗೊತ್ತಿರಬೇಕು. ನುಂಗಲು ಕಷ್ಟ, ಉಸಿರಾಡಲು ಕಷ್ಟ, ನಾಲಿಗೆಯ ಕೆಳಗೆ ಅಥವಾ ಕತ್ತಿನಲ್ಲಿ ಗಟ್ಟಿ ಊತ ಕಂಡರೆ ಹಲ್ಲಿನ ಕ್ಲಿನಿಕ್ಕಿನ ಬಾಗಿಲು ತೆರೆಯುವ ತನಕ ಕಾಯಬೇಡಿ, ಅರ್ಧ ರಾತ್ರಿಯಾದರೂ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಸೋಂಕು ಕತ್ತಿಗಿಳಿದರೆ ಉಸಿರಿನ ದಾರಿಯನ್ನೇ ಮುಚ್ಚಬಲ್ಲದು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವನ್ನೂ ಇಲ್ಲೇ ಸೇರಿಸಿದ್ದೇನೆ.

ಹಿಂದಿನ ಸಾಲಿನ ಯುವಕರೊಬ್ಬರು ಕೇಳಿದರು, "ಸಿಗರೇಟು ಒಂದೇ ಒಂದು, ಮಾರನೆಯ ದಿನ ಸೇದಿದರೆ ಏನಾಗುತ್ತೆ ಸರ್?" ಎಳೆಯುವಾಗ ಆಗುವ ಸೆಳೆತ ಒಂದು ಕಡೆ, ಹೊಗೆಯ ಬಿಸಿ ಇನ್ನೊಂದು ಕಡೆ. ಅದರ ಮೇಲೆ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯಕ್ಕೆ ಬರುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಕನಿಷ್ಠ ಮೂರು ದಿನ ಪೂರ್ತಿ ಬಿಡಬೇಕು, ಒಂದೆರಡು ವಾರ ಬಿಟ್ಟರೆ ಒಳ್ಳೆಯದು. ಜಗಿಯುವ ತಂಬಾಕೂ ಬೇಡ. ಬಿಡಲೇ ಆಗದ ಚಟವಾಗಿದ್ದರೆ ಕೀಳಿಸುವ ಮುಂಚೆಯೇ ಹೇಳಿ, ನಿಕೋಟಿನ್ ಪಟ್ಟಿಯಂಥ ದಾರಿಗಳಿವೆ, ಅದಕ್ಕಾಗಿ ಯಾರೂ ಬೈಯುವುದಿಲ್ಲ.

ಇನ್ನೊಬ್ಬರಿಗೆ ಮೇಲ್ದವಡೆಯ ಹಲ್ಲು ಕೀಳುವುದಿತ್ತು, ಮೂಗಿನ ಬಗ್ಗೆ ಏನೋ ಎಚ್ಚರಿಕೆ ಹೇಳಿದ್ದರಂತೆ. ಹೌದು. ಮೇಲಿನ ದವಡೆಯ ಹಿಂದಿನ ಹಲ್ಲುಗಳ ಬೇರಿನ ಮೇಲೇ ಸೈನಸ್ ಎಂಬ ಗಾಳಿಯ ಕೋಣೆ ಇದೆ, ನಡುವಿನ ಮೂಳೆ ಕೆಲವರಿಗೆ ತೀರಾ ತೆಳ್ಳಗಿರುತ್ತದೆ. ಅಲ್ಲಿ ತೂತಾಗಿರಬಹುದು ಅನ್ನಿಸಿದರೆ ನಿಮ್ಮ ಡಾಕ್ಟರು ಹೇಳುತ್ತಾರೆ. ಆಗ ಅವರು ಹೇಳಿದಷ್ಟು ದಿನ ಮೂಗು ಸೀದಬೇಡಿ. ಸೀನು ಬಂದರೆ ಮೂಗು ಹಿಡಿಯದೆ ಬಾಯಿ ತೆರೆದು ಸೀನಿ. ಕುಡಿದ ನೀರು ಮೂಗಿನಲ್ಲಿ ಬಂದರೆ ಕೂಡಲೇ ತಿಳಿಸಿ.

ಹೊಲಿಗೆಯ ದಾರ ಬಾಯಿಗೆ ಬಂದರೆ ಗಾಬರಿಯಾಗಬೇಕಾ ಅಂತ ಒಬ್ಬ ತಾಯಿ ಕೇಳಿದರು, ಮಗಳದು ಅಂತೆ. ಕರಗುವ ದಾರವಾದರೆ ಸಾಮಾನ್ಯವಾಗಿ ಒಂದರಿಂದ ಎರಡು ವಾರದೊಳಗೆ ಸಡಿಲವಾಗಿ ಬಿದ್ದುಹೋಗುತ್ತದೆ, ನುಂಗಿದರೂ ತೊಂದರೆಯಿಲ್ಲ. ಕರಗದ ದಾರವನ್ನು ಸುಮಾರು ಒಂದು ವಾರಕ್ಕೆ ನಾವೇ ತೆಗೆಯುತ್ತೇವೆ. ಯಾವ ದಾರ ಹಾಕಿದ್ದಾರೆ ಅಂತ ಮನೆಗೆ ಹೊರಡುವ ಮುಂಚೆ ಕೇಳಿಟ್ಟುಕೊಳ್ಳಿ. ದಾರವನ್ನು ನಾಲಿಗೆಯಿಂದ ಎಳೆಯುತ್ತಾ ಇರಬೇಡಿ ಅಂತ ಮಗಳಿಗೆ ಹೇಳಿ.

ಕೊನೆಯ ಪ್ರಶ್ನೆ, ಕುಳಿ ಯಾವಾಗ ಮುಚ್ಚುತ್ತದೆ, ಮೊದಲಿನ ಹಾಗೆ ಯಾವಾಗ ತಿನ್ನಬಹುದು ಅಂತ. ಮೇಲಿನ ವಸಡು ಕೂಡಿಕೊಳ್ಳಲು ಮೂರ್ನಾಲ್ಕು ವಾರ ಬೇಕು, ಒಳಗೆ ಮೂಳೆ ತುಂಬಲು ಕೆಲವು ತಿಂಗಳು. ಆದರೆ ಊಟಕ್ಕೆ ಅಷ್ಟು ಕಾಯಬೇಕಿಲ್ಲ. ಹೆಚ್ಚಿನವರು ಒಂದು ವಾರಕ್ಕೆ ಮೆತ್ತಗಿನ ಎಲ್ಲ ಅಡುಗೆಯನ್ನೂ, ಎರಡು ವಾರಕ್ಕೆ ತಮ್ಮ ಮಾಮೂಲು ಊಟವನ್ನೂ ಮಾಡುತ್ತಾರೆ. ಚಿಪ್ಸು, ಬೀಜಗಳನ್ನು ಇನ್ನೂ ಸ್ವಲ್ಪ ದಿನ ತಡೆಯಿರಿ. ಕೆಳಗಿನ ಕುಳಿಯಲ್ಲಿ ಅನ್ನ ಸಿಕ್ಕಿಕೊಳ್ಳುತ್ತಲೇ ಇದ್ದರೆ, ತುದಿ ಬಾಗಿದ, ಸೂಜಿಯಿಲ್ಲದ ಪ್ಲಾಸ್ಟಿಕ್ ಸಿರಿಂಜ್ ಕೊಡುತ್ತೇವೆ. ಐದಾರು ದಿನ ಕಳೆದ ಮೇಲೆ, ಡಾಕ್ಟರು ಶುರು ಮಾಡಿ ಅಂದ ಮೇಲೆ, ಅದರಲ್ಲಿ ಉಗುರುಬೆಚ್ಚಗಿನ ಉಪ್ಪು ನೀರು ತುಂಬಿ, ಊಟವಾದ ಮೇಲೆ ಕುಳಿಯೊಳಗೆ ಮೆಲ್ಲಗೆ ಹಾಯಿಸಿ. ಏನೂ ಸಿಕ್ಕಿಕೊಳ್ಳದಷ್ಟು ಕುಳಿ ತುಂಬಿಕೊಂಡ ಮೇಲೆ ನಿಲ್ಲಿಸಬಹುದು.